ಕುಟ್ಟಾಣಿ ಪ್ರಕರಣ ಹಾಗೂ ಪಾತ್ರೆ ತೊಳೆಯುವ ಜಾಗದ ಲೇತ್ ಯಂತ್ರ ಕುರಿತು

ಗೃಹಾಡಳಿತ ಇಲಾಖೆ
ಅಡುಗೆಮನೆ ವಿಭಾಗ, ಮೊದಲನೇ ಮಹಡಿ, ವಿದ್ಯಾನಗರ, ಶಿವಮೊಗ್ಗ

ಸಂಖ್ಯೆ: ಗೃ.ಆ.ಇ / ಅ.ಮ / ಲೇತ್ / ಕೊನೆಯ ಎಚ್ಚರಿಕೆ (ಪರಿಷ್ಕೃತ)
ದಿನಾಂಕ: ಭಾನುವಾರ, ಊಟದ ನಂತರ

ಸುತ್ತೋಲೆ

ವಿಷಯ: ವಾಸದ ಮನೆಯಲ್ಲಿ ಪುಟ್ಟ ಲೇತ್ ಯಂತ್ರವನ್ನು ಬಳಸುವ ಬಗ್ಗೆ, ಹಾಗೂ ಸದರಿ ಯಂತ್ರವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಕೇ ಅಥವಾ ಭದ್ರಾವತಿಗೆ ಸಾಗಿಸಬೇಕೇ ಎಂಬ ಬಗ್ಗೆ.

ಉಲ್ಲೇಖ:
1) ಕಳೆದ ಭಾನುವಾರದ ಕುಟ್ಟಾಣಿ ಪ್ರಕರಣ.
2) ಅದೇ ಸಂಜೆ ಹೊರಡಿಸಲಾದ ಮೌಖಿಕ ಆದೇಶ: "ಆ ಮಷೀನ್ ಇರ್ಬೇಕು, ಇಲ್ಲ ನಾನಿರ್ಬೇಕು."
3) ಸದರಿ ಆದೇಶಕ್ಕೆ ಬಂದ ಉತ್ತರ: ಬಂದಿರುವುದಿಲ್ಲ. ಯೋಚಿಸುತ್ತಿರುವಂತೆ ಕಂಡುಬಂದಿದ್ದು ಇನ್ನಷ್ಟು ಸಿಟ್ಟಿಗೆ ಕಾರಣವಾಗಿರುತ್ತದೆ.

ಪ್ರಸ್ತಾವನೆ:

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ಟರ್ನರ್ ಆಗಿ ಸೇವೆ ಸಲ್ಲಿಸಿ ನಿವೃತ್ತರಾದ ಶ್ರೀ ಸುಬ್ಬಪ್ಪನವರು (ಮುಂದೆ 'ಸದರಿಯವರು', ಮನೆಯಲ್ಲಿ 'ಇವರು') ಹೊಲಿಗೆ ಯಂತ್ರದಷ್ಟು ಗಾತ್ರದ ಒಂದು ಲೇತನ್ನು ತರಿಸಿಕೊಂಡು, ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ ಸ್ಥಾಪಿಸಿರುವುದು ಸರಿಯಷ್ಟೆ. ಲೋಹದ ತುಂಡನ್ನು ಗಿರಗಿರನೆ ತಿರುಗಿಸಿ, ಹರಿತವಾದ ಟೂಲಿನಿಂದ ಹೆರೆದು ದುಂಡಗೆ ಮಾಡುವುದು ಸದರಿ ಯಂತ್ರದ ಕೆಲಸ. ಈ ಮನೆಯಲ್ಲಿ ದುಂಡಗೆ ಮಾಡಬೇಕಾದದ್ದು ಏನೂ ಬಾಕಿ ಇಲ್ಲವೆಂಬುದನ್ನು ಆಗಲೇ ಸದರಿಯವರ ಗಮನಕ್ಕೆ ತರಲಾಗಿತ್ತು.

ಕಳೆದ ಭಾನುವಾರ ಸಕ್ಷಮ ಪ್ರಾಧಿಕಾರವು (ಅಂದರೆ ಈ ಸುತ್ತೋಲೆಗೆ ಸಹಿ ಮಾಡುವ, ಸದರಿಯವರ ಧರ್ಮಪತ್ನಿಯೂ ಸರ್ಕಾರಿ ಕಚೇರಿಯೊಂದರ ನಿವೃತ್ತ ಅಧೀಕ್ಷಕಿಯೂ ಆದ ನಾನು) ತರಕಾರಿ ತರಲು ಹೋಗಿದ್ದ ಅವಧಿಯಲ್ಲಿ, ತವರಿನಿಂದ ಬಂದ ಹಿತ್ತಾಳೆ ಕುಟ್ಟಾಣಿಯನ್ನು ಯಂತ್ರಕ್ಕೆ ಏರಿಸಲಾಗಿದೆ. ಕಾರಣ: ಶುಂಠಿ ಕುಟ್ಟುವಾಗ ಅದು ಅಲುಗಾಡುತ್ತದೆ. ತಳವನ್ನು ಹೆರೆದು ಸಮ ಮಾಡಲಾಗಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹೇಗೂ ಹಿಡಿಸಿ ಆಗಿದೆ, ಹೊರಮೈಯನ್ನೂ ಒಂದು ಸುತ್ತು ಹೆರೆದುಬಿಡೋಣ ಎಂಬ, ಟರ್ನರುಗಳಿಗೆ ಮಾತ್ರ ಬರುವ ಯೋಚನೆ ಸದರಿಯವರಿಗೆ ಬಂದಿರುತ್ತದೆ. ಪರಿಣಾಮವಾಗಿ, ಹೊರಮೈ ಮೇಲೆ ಚುಕ್ಕೆಚುಕ್ಕೆಯಾಗಿ ಕೆತ್ತಿಸಿದ್ದ 'ದುರ್ಗಮ್ಮ' ಎಂಬ ಹೆಸರು ಪೂರ್ತಿಯಾಗಿ ಅಳಿಸಿಹೋಗಿರುತ್ತದೆ.

ದುರ್ಗಮ್ಮನವರು ಸಕ್ಷಮ ಪ್ರಾಧಿಕಾರದ ತಾಯಿ. ತೀರಿಕೊಂಡು ವರ್ಷಗಳಾದವು. ಅವರ ಹೆಸರಿದ್ದ ಪಾತ್ರೆ ಈ ಮನೆಯಲ್ಲಿ ಅದೊಂದೇ ಇತ್ತು.

ಮೇಲ್ಕಂಡ ಹಿನ್ನೆಲೆಯಲ್ಲಿ ಈ ಕೆಳಗಿನ ಕಂಡಿಕೆಗಳನ್ನು ಹೊರಡಿಸಲಾಗಿದೆ. ಯಂತ್ರದ ಗತಿ ಏನೆಂಬುದು ಕೊನೆಯಲ್ಲಿದೆ. ನೇರವಾಗಿ ಅಲ್ಲಿಗೇ ಹೋಗಿ ಓದುವುದನ್ನು ನಿಷೇಧಿಸಲಾಗಿದೆ. ಸದರಿಯವರು ಈಗಾಗಲೇ ಓದಿ ಬಂದಿದ್ದಲ್ಲಿ ಮತ್ತೆ ಮೊದಲಿನಿಂದ ಓದತಕ್ಕದ್ದು.

ಕಂಡಿಕೆ 1. ವೇಳೆ: ಕುಕ್ಕರ್ ಒಲೆಯ ಮೇಲಿರುವಾಗ ಯಂತ್ರ ಚಾಲನೆ ಮಾಡತಕ್ಕದ್ದಲ್ಲ. ಯಂತ್ರದ ಸದ್ದಿನಲ್ಲಿ ವಿಷಲ್ ಲೆಕ್ಕ ತಪ್ಪಿ, ತೊಗರಿಬೇಳೆಯು ಗೋಡೆಗೆ ಹಚ್ಚುವ ಹದಕ್ಕೆ ಬಂದಿರುವ ನಿದರ್ಶನಗಳಿವೆ. ಬೆಳಗಿನ ಕಾಫಿಯ ನಂತರದ ಅವಧಿಯನ್ನು 'ಎ ಶಿಫ್ಟ್' ಎಂದು ಕರೆಯುವುದನ್ನು, ಹಾಗೂ ಟೀ ಬೇಕಾದಾಗ ನಲ್ಲಿಯ ಪೈಪಿಗೆ ಸ್ಪ್ಯಾನರ್ ಬಡಿದು ಸೂಚಿಸುವುದನ್ನು ಈ ಕ್ಷಣದಿಂದ ರದ್ದುಪಡಿಸಲಾಗಿದೆ. ಇದು ಕ್ಯಾಂಟೀನ್ ಅಲ್ಲ.

ಕಂಡಿಕೆ 2. ಉಡುಪು: ತಿರುಗುವ ಯಂತ್ರದ ಮುಂದೆ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿ ನಿಲ್ಲುವುದು ಅಪಾಯಕರ. ಕಾರ್ಖಾನೆಯಲ್ಲಿ ಇದೇ ತಪ್ಪಿಗೆ ಹುಡುಗರನ್ನು ಬೈಯುತ್ತಿದ್ದೆನೆಂದು ಸದರಿಯವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಪ್ಯಾಂಟ್ ಧರಿಸತಕ್ಕದ್ದು. ಮದುವೆ ಮನೆಗೆಂದು ತೆಗೆದಿಟ್ಟ ಪ್ಯಾಂಟ್ ಧರಿಸತಕ್ಕದ್ದಲ್ಲ. ಕನ್ನಡಕ ಕಡ್ಡಾಯ, ಅದು ಹಣೆಯ ಮೇಲಲ್ಲ, ಕಣ್ಣಿನ ಮೇಲೆ.

ಕಂಡಿಕೆ 3. ಕೀಲಿ: ಲೋಹದ ತುಂಡನ್ನು ಯಂತ್ರಕ್ಕೆ ಬಿಗಿ ಮಾಡುವ ಚಕ್ ಕೀಯನ್ನು ಸ್ಕೂಟರ್ ಕೀಲಿಯ ಪಕ್ಕ ನೇತುಹಾಕತಕ್ಕದ್ದಲ್ಲ. ಸದರಿ ಚಕ್ ಕೀ ಹಿಡಿದು ಬಸ್ ಸ್ಟ್ಯಾಂಡಿನ ತನಕ ನಡೆದುಹೋಗಿ, ಸ್ಕೂಟರ್ ಮನೆಯಲ್ಲೇ ಇದೆಯೆಂದು ಅಲ್ಲಿ ನೆನಪಾಗಿ, ಮನೆಗೆ ಬಂದು ಅದೇ ಚಕ್ ಕೀಯನ್ನು ಸ್ಕೂಟರಿಗೆ ತೂರಿಸಲು ನೋಡಿ, ಸ್ಕೂಟರ್ ಕೆಟ್ಟಿದೆಯೆಂದು ದೂರು ನೀಡಿದ್ದನ್ನು ಇಲಾಖೆ ಮರೆತಿಲ್ಲ.

ಕಂಡಿಕೆ 4. ಅಳತೆ: ವರ್ನಿಯರ್ ಎಂಬ ಅಳತೆಯ ಉಪಕರಣವನ್ನು ಊಟದ ತಟ್ಟೆಯ ಬಳಿ ತರುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಅಕ್ಕಿರೊಟ್ಟಿಯು ನಡುವೆ ದಪ್ಪ, ಅಂಚಿನಲ್ಲಿ ತೆಳುವಾಗಿದೆ ಎಂಬ ತಾಂತ್ರಿಕ ವರದಿಯನ್ನು ಯಾರೂ ಕೇಳಿರಲಿಲ್ಲ. ಅಕ್ಕಿರೊಟ್ಟಿಯ ದಪ್ಪವೆಂದರೆ, ಸಕ್ಷಮ ಪ್ರಾಧಿಕಾರದ ಅಂಗೈ ತಟ್ಟಿದಾಗ ಎಷ್ಟಾಗುತ್ತದೋ ಅಷ್ಟು ಎಂದು ಈ ಮೂಲಕ ನಿಗದಿಪಡಿಸಲಾಗಿದೆ. ಸ್ವಲ್ಪ ಹೆಚ್ಚುಕಡಿಮೆಯಾದಲ್ಲಿ ತಿನ್ನತಕ್ಕದ್ದು.

ಕಂಡಿಕೆ 5. ಕಚ್ಚಾ ಸಾಮಗ್ರಿ: ನಡುಮನೆಯ ಪರದೆಯ ಸರಳು ತಿಂಗಳಿಂದ ತಿಂಗಳಿಗೆ ಗಿಡ್ಡವಾಗುತ್ತಿರುವುದನ್ನು ಗಮನಿಸಲಾಗಿದೆ. ಸೌಟು, ಜಾಲರಿ, ಲಟ್ಟಣಿಗೆ, ಛತ್ರಿಯ ಕಡ್ಡಿ, ಮಂಚದ ಕಾಲು, ಇವು ಕಚ್ಚಾ ಸಾಮಗ್ರಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಮಲಗಿರುವಾಗ ಮಂಚದ ಕಾಲನ್ನು ತಟ್ಟಿ "ಒಳ್ಳೇ ಮೆಟೀರಿಯಲ್" ಎಂದು ಉದ್ಗರಿಸುವುದನ್ನೂ ನಿಷೇಧಿಸಲಾಗಿದೆ.

ಕಂಡಿಕೆ 6. ಕೈಬಿಡಲಾಗಿದೆ. (ಕರಡಿನಲ್ಲಿ ಇದನ್ನು ಓದಿ ಇವರು ನಿನ್ನೆ ಮಧ್ಯಾಹ್ನದ ಊಟ ಬಿಟ್ಟರು.)

ಕಂಡಿಕೆ 7. ಸಿದ್ಧವಸ್ತು ವಿತರಣೆ: ಮನೆಗೆ ಬಂದವರಿಗೆಲ್ಲ ಲೇತಿನಲ್ಲಿ ಮಾಡಿದ ಬುಗುರಿ ಕೊಟ್ಟು ಕಳಿಸುವುದನ್ನು ನಿಲ್ಲಿಸತಕ್ಕದ್ದು. ಗ್ಯಾಸ್ ಸಿಲಿಂಡರ್ ತಂದವರು, ಮೀಟರ್ ಓದಲು ಬಂದವರು ಹಾಗೂ ವಿಳಾಸ ತಪ್ಪಿ ಬಂದವರೊಬ್ಬರು ಈಗಾಗಲೇ ಫಲಾನುಭವಿಗಳಾಗಿದ್ದಾರೆ. ಮದುವೆಯೊಂದರಲ್ಲಿ ಮುಯ್ಯಿಯ ಬದಲು ವಧೂವರರ ಕೈಗೆ ಬುಗುರಿಯಿಟ್ಟು, ಅದು ಎಷ್ಟು ಹೊತ್ತು ತಿರುಗುತ್ತದೆಂದು ವೇದಿಕೆಯ ಮೇಲೆಯೇ ತೋರಿಸಿ, ಫೋಟೊ ತೆಗೆಸಿಕೊಳ್ಳಲು ನಿಂತ ಸಾಲನ್ನು ಊಟದ ಮನೆಯವರೆಗೆ ಬೆಳೆಸಿದ್ದು ವಿಷಾದನೀಯ.

ಕಂಡಿಕೆ 8. ತ್ಯಾಜ್ಯ: ಕಬ್ಬಿಣ ಹೆರೆಯುವಾಗ ಬರುವ ಸುರುಳಿಗಳು ಸೋಫಾದಲ್ಲಿ, ಕಾಲೊರಸಿನಲ್ಲಿ ಹಾಗೂ ಒಮ್ಮೆ ಸಾರಿನಲ್ಲಿ ಪತ್ತೆಯಾಗಿವೆ. ಪೊರಕೆಗೆ ಅಯಸ್ಕಾಂತ ಕಟ್ಟಿ ಗುಡಿಸತಕ್ಕದ್ದು. ಎಲ್ಲೂ ತುಂಡಾಗದೆ ಬಂದ ಉದ್ದನೆಯ ಸುರುಳಿಯನ್ನು ತುಳಸಿ ಗಿಡಕ್ಕೆ ಹಾರದಂತೆ ಹಾಕಿ, ಕೆಳಮನೆಯ ನಾಗೇಶ್ ಅವರನ್ನು ಮಹಡಿ ಹತ್ತಿಸಿ ತೋರಿಸಿದ್ದು ಭಕ್ತಿಯೆಂದು ಪರಿಗಣಿಸಲ್ಪಡುವುದಿಲ್ಲ.

ಕಂಡಿಕೆ 9. ಶಬ್ದ ಪರಿಶೀಲನೆ: ಸದರಿಯವರು ಯಂತ್ರ ಚಾಲೂ ಮಾಡಿ, ಮೊಬೈಲನ್ನು ಅದರ ಪಕ್ಕದಲ್ಲಿಟ್ಟು, ಭದ್ರಾವತಿಯಲ್ಲಿರುವ ಹಳೆಯ ಸಹೋದ್ಯೋಗಿ, ಟರ್ನರೇ ಆದ ಶ್ರೀ ಗುಲಾಮ್ ಮೊಹಿದ್ದೀನ್ ಅವರಿಗೆ ಸದ್ದು ಕೇಳಿಸುವುದು, ಅವರು ಅಲ್ಲಿಂದಲೇ ಟೂಲ್ ಕೂದಲೆಳೆಯಷ್ಟು ಕೆಳಗಿದೆಯೆಂದು ಹೇಳುವುದು, ಇವರು ಸರಿಮಾಡುವುದು, ಅವರು ಮತ್ತೆ ಕೇಳುವುದು ವಾಡಿಕೆಯಾಗಿದೆ. ಇದಕ್ಕೆ ಅಭ್ಯಂತರವಿಲ್ಲ. ಆದರೆ ಸೋಗಾನೆಯಲ್ಲಿ ಇಳಿಯಲು ಬರುವ ವಿಮಾನದ ಸದ್ದಿಗೆ ಕಿವಿಗೊಟ್ಟು, ಅದರ ಬೇರಿಂಗ್ ಕುರಿತು ಇಬ್ಬರೂ ಅಭಿಪ್ರಾಯಕ್ಕೆ ಬರುವುದು ಇಲಾಖೆಯ ವ್ಯಾಪ್ತಿಯನ್ನು ಮೀರಿದ್ದಾಗಿರುತ್ತದೆ. ಸಕ್ಷಮ ಪ್ರಾಧಿಕಾರದ ಗೊರಕೆಗೂ ಇದು ಅನ್ವಯಿಸುತ್ತದೆ.

ವಿಚಾರಣೆ:

ಮೌಖಿಕ ಆದೇಶದ ಮೇರೆಗೆ ಯಂತ್ರವನ್ನು ಒಯ್ಯಲು ಶ್ರೀ ಗುಲಾಮ್ ಮೊಹಿದ್ದೀನ್ ಅವರು ಇಂದು ಬೆಳಿಗ್ಗೆ ಲಗೇಜ್ ಆಟೋ ಸಮೇತ ಭದ್ರಾವತಿಯಿಂದ ಆಗಮಿಸಿದರು. ಸಾಕ್ಷ್ಯವಾಗಿ ಕುಟ್ಟಾಣಿಯನ್ನು ಅವರ ಮುಂದಿಡಲಾಯಿತು. ಅವರು ಅದನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸುತ್ತ ಸವರಿ, ತಡೆಯಲಾರದೆ, "ಅತ್ತಿಗೆ, ತಪ್ಪು ತಪ್ಪೇ. ಆದ್ರೆ ಫಿನಿಶ್ ನೋಡಿ, ಕನ್ನಡಿ ಇದ್ದಂಗಿದೆ" ಎಂದರು. ಅವರ ಟೀಗೆ ಸಕ್ಕರೆ ಹಾಕದಿರುವುದು ಕಾಕತಾಳೀಯವಲ್ಲ.

ಸದರಿಯವರಿಂದ ಸಮಜಾಯಿಷಿ ಕೇಳಲಾಯಿತು. ಕುಟ್ಟಾಣಿ ಅಲುಗಾಡುತ್ತಿದ್ದುದು ನಿಜವೆಂದೂ, ಈಗ ಅಲುಗಾಡುವುದಿಲ್ಲವೆಂದೂ ತಿಳಿಸಿರುತ್ತಾರೆ. ಇದಕ್ಕೆ ಇಲಾಖೆಯ ಉತ್ತರವೇನೆಂದರೆ: ಅದು ಅಮ್ಮನ ಕಾಲದಲ್ಲೂ ಅಲುಗಾಡುತ್ತಿತ್ತು. ಅಮ್ಮ ಕುಟ್ಟುವಾಗ ಒಂದು ಕೈಯಿಂದ ಅದನ್ನು ಅದುಮಿ ಹಿಡಿದಿರುತ್ತಿದ್ದರು. ಆದರೂ ಅದು ಟಕಟಕ ಅನ್ನುತ್ತಿತ್ತು, ಆ ಸದ್ದಿಗೆ ನಮಗೆಲ್ಲ ಎಚ್ಚರವಾಗುತ್ತಿತ್ತು. ಈಗ ಆ ಸದ್ದೂ ಇಲ್ಲ, ಹೆಸರೂ ಇಲ್ಲ. ಇದರಿಂದ ಇಲಾಖೆಗೆ ಬಹಳ ಸಂಕಟವಾಗಿರುತ್ತದೆ. ಇದನ್ನು ಆಡಳಿತ ಭಾಷೆಯಲ್ಲಿ ಹೇಗೆ ಬರೆಯುವುದೆಂದು ತಿಳಿಯದ ಕಾರಣ ಹೀಗೇ ಬರೆಯಲಾಗಿದೆ.

ತದನಂತರ, ಶ್ರೀ ಗುಲಾಮ್ ಮೊಹಿದ್ದೀನ್ ಅವರು ಯಂತ್ರದ ಬೋಲ್ಟ್ ಬಿಚ್ಚಲು ಎದ್ದ ಹೊತ್ತಿನಲ್ಲಿ, ಸದರಿಯವರು ಒಳಗೆ ಹೋಗಿ ಹಾರ್ಲಿಕ್ಸಿನ ಹಳೆಯ ಬಾಟಲಿಯೊಂದನ್ನು ತಂದು ಸಕ್ಷಮ ಪ್ರಾಧಿಕಾರದ ಮಡಿಲಲ್ಲಿ ಇಟ್ಟರು. ಅದರ ತಳದಲ್ಲಿ ಚಿನ್ನದ ಬಣ್ಣದ ಹುಡಿ ಇತ್ತು. ಯಂತ್ರದ ಕೆಳಗಿನ ಕಸವನ್ನೆಲ್ಲ ಹರವಿಕೊಂಡು, ಕಬ್ಬಿಣದ ಚೂರನ್ನು ಅಯಸ್ಕಾಂತಕ್ಕೆ ಬಿಟ್ಟು, ಹಿತ್ತಾಳೆಯದನ್ನಷ್ಟೇ ವಾರವಿಡೀ ಕೂತು ಆರಿಸಿದ್ದರಂತೆ. ನಾನು ಕೋಪದಲ್ಲಿ ಆ ಕಡೆ ತಿರುಗಿಯೂ ನೋಡದಿದ್ದುದರಿಂದ ಇದು ಗಮನಕ್ಕೆ ಬಂದಿರಲಿಲ್ಲ. ಬಾಟಲಿ ಇಟ್ಟು ಇವರು ಹೇಳಿದ್ದಿಷ್ಟು:

"ನಿಮ್ಮಮ್ಮನ ಹೆಸರು ಎಲ್ಲೂ ಹೋಗಿಲ್ಲ ಕಣೇ. ಇದ್ರೊಳಗೇ ಇದೆ."

ಬಾಟಲಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಓದಲು ಬರುವಂಥದ್ದು ಏನೂ ಕಂಡುಬರಲಿಲ್ಲ. ಸಕ್ಷಮ ಪ್ರಾಧಿಕಾರಕ್ಕೆ, ಕಚೇರಿ ಶಿಸ್ತಿಗೆ ವಿರುದ್ಧವಾಗಿ, ನಗು ಬಂದಿರುತ್ತದೆ. ಕಣ್ಣೀರೂ ಬಂದಿರುತ್ತದೆ. ಎರಡೂ ಒಟ್ಟಿಗೇ ಬಂದ ಕಾರಣ ಯಾವುದು ಮೊದಲೆಂದು ದಾಖಲಿಸಲಾಗಿಲ್ಲ. ಶ್ರೀ ಗುಲಾಮ್ ಮೊಹಿದ್ದೀನ್ ಅವರು ಸ್ಪ್ಯಾನರನ್ನು ಸದ್ದಿಲ್ಲದೆ ಕೆಳಗಿಟ್ಟರು.

ಆದೇಶ:

ಮೇಲ್ಕಂಡ ಎಲ್ಲ ಅಂಶಗಳನ್ನು ಪರಿಗಣಿಸಿ ಈ ಕೆಳಕಂಡಂತೆ ಆದೇಶಿಸಿದೆ.

(ಅ) ಯಂತ್ರವು ಇದ್ದಲ್ಲೇ ಇರತಕ್ಕದ್ದು. ನಾನೂ ಇರುತ್ತೇನೆ. ಉಲ್ಲೇಖ (2)ರ ಆದೇಶವನ್ನು ಹಿಂಪಡೆಯಲಾಗಿದೆ. ಲಗೇಜ್ ಆಟೋ ಖಾಲಿ ಹೋಗಬಾರದೆಂದು ಅದರಲ್ಲಿ ಕೆಳಮನೆಯ ನಾಗೇಶ್ ಅವರ ಹಳೆಯ ಕಪಾಟನ್ನು, ಅವರು ಬೇಡವೆನ್ನುವಷ್ಟರಲ್ಲಿ, ಕಳುಹಿಸಿಕೊಡಲಾಗಿದೆ.

(ಆ) ಅಂಗಡಿಯಲ್ಲಿ ಮಷೀನಿನಿಂದ ಹೆಸರು ಬರೆಸಿಕೊಂಡು ಬರುವ ಪ್ರಸ್ತಾವವನ್ನು ತಿರಸ್ಕರಿಸಲಾಗಿದೆ. ಹೆಸರನ್ನು ಸಕ್ಷಮ ಪ್ರಾಧಿಕಾರವೇ ಚುಕ್ಕೆಚುಕ್ಕೆಯಾಗಿ ಸ್ವಹಸ್ತದಿಂದ ಕೆತ್ತತಕ್ಕದ್ದು. ಅದಕ್ಕೆ ಬೇಕಾದ ಚುಕ್ಕೆ ಒತ್ತುವ ಮೊನಚಾದ ಉಕ್ಕಿನ ಪಂಚ್ ಉಪಕರಣವನ್ನು ಸದರಿಯವರು ಊಟಕ್ಕೆ ಮುಂಚೆಯೇ ಲೇತಿನಲ್ಲಿ ತಯಾರಿಸಿರುತ್ತಾರೆ. ಗಟ್ಟಿಯಾಗಲೆಂದು ಅದನ್ನು ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ, ಹಪ್ಪಳ ಕರಿಯಲು ಇಟ್ಟಿದ್ದ ಎಣ್ಣೆಯಲ್ಲಿ ಅದ್ದಿದ್ದನ್ನು ಈ ಒಂದು ಬಾರಿಗೆ ಮನ್ನಿಸಲಾಗಿದೆ. ಸದರಿ ಹಪ್ಪಳಗಳನ್ನು ಟರ್ನರುಗಳಿಬ್ಬರೇ ತಿಂದು ಮುಗಿಸತಕ್ಕದ್ದು.

(ಇ) ಕೆತ್ತುವಾಗ ಸದರಿಯವರು ಕುಟ್ಟಾಣಿಯನ್ನು ಎರಡೂ ಕೈಯಿಂದ ಅದುಮಿ ಹಿಡಿಯತಕ್ಕದ್ದು. ಗೆರೆ ಎಳೆದುಕೊಡಲೇ, ಅಳತೆ ಹಾಕಿಕೊಡಲೇ, ಸುತ್ತಿಗೆ ಹೀಗೆ ಹಿಡಿ ಮಾರಾಯ್ತಿ ಇತ್ಯಾದಿ ಸಲಹೆಗಳನ್ನು ಮೊಬೈಲ್ ಮೂಲಕವಾಗಲೀ ಖುದ್ದಾಗಿ ಆಗಲೀ ನೀಡತಕ್ಕದ್ದಲ್ಲ.

(ಈ) ಅಕ್ಷರ ಓರೆಯಾದಲ್ಲಿ ಓರೆಯೇ ಸರಿಯೆಂದು ಭಾವಿಸತಕ್ಕದ್ದು. ಯಾವುದೇ ಕಾರಣಕ್ಕೂ ಕುಟ್ಟಾಣಿಯನ್ನು ಮತ್ತೆ ಯಂತ್ರಕ್ಕೆ ಏರಿಸತಕ್ಕದ್ದಲ್ಲ.

ಈ ಸುತ್ತೋಲೆಯು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕ್ಷಣದಿಂದ ಜಾರಿಗೆ ಬರುತ್ತದೆ. ಅಂಟಿಸಲು ಅಯಸ್ಕಾಂತವನ್ನು ಸದರಿಯವರೇ ಒದಗಿಸತಕ್ಕದ್ದು.

ಸಹಿ/-
(ವಿಶಾಲಮ್ಮ)
ಸಕ್ಷಮ ಪ್ರಾಧಿಕಾರ
ಅಡುಗೆಮನೆ, ದೇವರಮನೆ ಹಾಗೂ ಉಳಿದುದೆಲ್ಲ

ಪ್ರತಿಗಳು:

1. ಶ್ರೀ ಸುಬ್ಬಪ್ಪ, ನಿವೃತ್ತ ಟರ್ನರ್, ಪಾತ್ರೆ ತೊಳೆಯುವ ಜಾಗ. ಪಾಲನೆಗಾಗಿ. ಓದಿದ ಬಗ್ಗೆ ಸಹಿ ಮಾಡತಕ್ಕದ್ದು, ಗ್ರೀಸ್ ಮೆತ್ತಿದ ಹೆಬ್ಬೆಟ್ಟು ಒತ್ತತಕ್ಕದ್ದಲ್ಲ.

2. ಶ್ರೀ ಗುಲಾಮ್ ಮೊಹಿದ್ದೀನ್, ಭದ್ರಾವತಿ. ಮುಂದಿನ ಸಲದ ಟೀಗೆ ಸಕ್ಕರೆ ಮಂಜೂರಾಗಿದೆ.

3. ಶ್ರೀ ನಾಗೇಶ್, ಕೆಳಮನೆ. ಮೇಲಿನಿಂದ ಸುತ್ತಿಗೆಯ ಸದ್ದು ಕೆಲವು ದಿನ ಕೇಳಿಬರಲಿದ್ದು, ಕಪಾಟಿನ ವಿಷಯದಂತೆಯೇ ಇದನ್ನೂ ಸಹಿಸಿಕೊಳ್ಳಲು ಕೋರಿದೆ.

4. ಶ್ರೀಮತಿ ದುರ್ಗಮ್ಮ, ನಡುಮನೆ ಗೋಡೆಯ ಫೋಟೊ. ಮಾಹಿತಿಗಾಗಿ. ಅಳಿಯಂದಿರ ಮೇಲೆ ಯಾವುದೇ ಕ್ರಮ ಕೋರಿಲ್ಲ. ಈ ಹೊತ್ತಿಗೆ 'ದು' ಮುಗಿದಿದೆ. ಸ್ವಲ್ಪ ಎಡಕ್ಕೆ ವಾಲಿದೆ ಅಮ್ಮಾ, ಬೇಜಾರು ಮಾಡ್ಕೋಬೇಡ, ಬರೆದವಳು ನಾನು.