ಎದುರಿನ ಸೀಟು ಖಾಲಿ ಐತ್ರಿ

ನಮ್ಮ ಕಾಕಾ ಹೋಟೆಲ್ಲಿಗೆ ಹೋಗುವುದು ಊಟಕ್ಕಲ್ಲ ಎಂದರೆ ನೀವು ನಂಬುವುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಅಷ್ಟೂ ಖಾನಾವಳಿಗಳಲ್ಲಿ ಅವರಿಗೆ ಗುರುತಿನವರಿದ್ದಾರೆ. ಎಲ್ಲಿ ಎಣಗಾಯಿ ಚಲೋ, ಯಾರ ಕೈಯ ಕಡಕ್ ರೊಟ್ಟಿ ಹಪ್ಪಳದ ಹಾಗೆ ಮುರಿಯುತ್ತದೆ, ಯಾರು ಶೇಂಗಾ ಚಟ್ನಿಗೆ ಸಕ್ಕರೆ ಹಾಕಿ ಕೆಡಿಸುತ್ತಾರೆ, ಎಲ್ಲ ಬಾಯಿಪಾಠ. ಹೊಸ ಖಾನಾವಳಿ ಶುರುವಾಯಿತೆಂದರೆ ಬೋರ್ಡಿನ ಬಣ್ಣ ಒಣಗುವ ಮೊದಲೇ ಕಾಕಾ ಹಾಜರು! ಆದರೆ ನೇರ ಒಳಗೆ ಹೋಗುವುದಿಲ್ಲ. ಬಾಗಿಲಲ್ಲಿ ನಿಂತು ಇಣುಕುತ್ತಾರೆ. ಒಳಗೆ ಯಾರೂ ಇಲ್ಲವೆಂದರೆ, ಒಗ್ಗರಣೆಯ ಘಮ ಮೂಗಿಗೆ ಬಂದು ಬಡಿದರೂ ಅಷ್ಟೇ, ಹಿಂದಕ್ಕೆ ಹೊರಳಿಬಿಡುತ್ತಾರೆ.

“ಬರ್ರಿ ಕಾಕಾರ, ಎಲ್ಲಾ ಟೇಬಲ್ ಖಾಲಿ ಅದಾವು, ಎಲ್ಲಿ ಬೇಕಾದ್ರ ಕೂಡ್ರಿ,” ಎಂದು ಮಾಲಕರು ಕರೆಯುತ್ತಾರೆ.

“ಖಾಲಿ ಅದಾವಂತನ ಹೊಂಟೇನ್ರಿ. ಮಂದಿ ಬಂದ ಮ್ಯಾಲ ಬರ್ತೇನಿ,” ಎನ್ನುತ್ತಾರೆ ಕಾಕಾ.

ಲೋಕದ ಮಂದಿ ಗದ್ದಲ ನೋಡಿ ಹೋಟೆಲ್ ಬಿಟ್ಟು ಓಡಿದರೆ, ನಮ್ಮ ಕಾಕಾ ಗದ್ದಲ ಇಲ್ಲವೆಂದು ಬಿಟ್ಟು ಓಡುತ್ತಾರೆ. ಇಂಥವರಿಗೆ ಏನು ಹೇಳುತ್ತೀರಿ?

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಮಕ್ಕಳಿಲ್ಲ. ಅವರ ಹೆಂಡತಿ, ನಮ್ಮ ಚಿಗವ್ವ, ತೀರಿಹೋಗಿ ನಾಲ್ಕು ವರ್ಷ. ಬಾಗಲಕೋಟೆಯ ಹಳೇ ಊರಿನಲ್ಲಿ, ಅಣೆಕಟ್ಟಿನ ಹಿನ್ನೀರಿಗೆ ಅರ್ಧ ಹೋಗಿ ಅರ್ಧ ಉಳಿದ ಓಣಿಯೊಂದರಲ್ಲಿ ಒಬ್ಬರೇ ಇರುತ್ತಾರೆ. ಅಣ್ಣನ ಮಗಳು ನಾನಿರುವುದು ನವನಗರದಲ್ಲಿ, ಕಾಲೇಜಿನಲ್ಲಿ ಪಾಠ ಹೇಳಿಕೊಂಡು. “ನಮ್ಮ ಮನಿಗೆ ಬಂದಿರ್ರಿ ಕಾಕಾ,” ಎಂದು ಕರೆದಿದ್ದೆ. ಬಂದರು. ಎರಡು ದಿನ ಇದ್ದರು. ನಮ್ಮ ಮನೆಯಲ್ಲಿ ನಾಲ್ಕು ಜನ, ನಾಲ್ವರೂ ನಾಲ್ಕು ಹೊತ್ತಿಗೆ, ನಾಲ್ಕು ಮೂಲೆಯಲ್ಲಿ, ನಾಲ್ಕು ಮೊಬೈಲ್ ನೋಡುತ್ತ ಉಣ್ಣುವುದನ್ನು ಕಂಡು, ಮೂರನೇ ದಿನ ಚೀಲ ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟರು.

ಕಾಕಾನ ರೋಗ ಏನೆಂದು ಈಗ ಹೇಳಿಬಿಡುತ್ತೇನೆ. ನಮ್ಮ ಕಡೆ ಒಂದು ಪದ್ಧತಿ ಉಂಟು. ತಾಟಿನ ಮುಂದೆ ಕೂತಾಗ ಎದುರಿಗೆ ಯಾರೇ ಇರಲಿ, ಯಾರೇ ಬರಲಿ, “ಬರ್ರಿ, ಊಟಾ ಮಾಡೂಣು” ಎನ್ನಬೇಕು. ಎದುರಿನವರು “ಆತ್ರಿ, ನೀವು ಮಾಡ್ರಿ,” ಅಂದರೆ ನಮ್ಮ ಊಟ ಮುಗಿದಿದೆ, ಎನ್ನಬೇಕು. ಅಲ್ಲಿಗೆ ಮುಗಿಯಿತು. ಕರೆದವರಿಗೆ ಕರೆದ ಪುಣ್ಯ, ಬಾರದವರಿಗೆ ಬಾರದ ಮರ್ಯಾದೆ! ಹೊಟ್ಟೆ ತಾಳ ಹಾಕುತ್ತಿದ್ದರೂ “ಆತ್ರಿ” ಎನ್ನುವುದೇ ರೀತಿ. ನಿಜವಾಗಿ ಬಂದು ಕೂತವರನ್ನು ನಾನಂತೂ ಕಂಡಿಲ್ಲ.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ಕಾಕಾ ಮಾತ್ರ ಶಾಸ್ತ್ರ ಹೇಳದೆ ಬದನೆಕಾಯಿ ಮುಟ್ಟುವುದಿಲ್ಲ. ಮನೆಯಲ್ಲಿ ಯಾರಿಗೆ ಹೇಳಬೇಕು? ಗೋಡೆಗೆ ಹೇಳಬೇಕೇ? ಅದಕ್ಕೇ ಖಾನಾವಳಿ. ಅದೂ ಮಂದಿ ತುಂಬಿದ ಖಾನಾವಳಿ. ಎದುರಿನ ಸೀಟಿನಲ್ಲಿ ಒಂದು ಮನುಷ್ಯನ ಮುಖ ಬೇಕು. ಅದಕ್ಕೆ “ಬರ್ರಿ” ಎನ್ನಬೇಕು. ಅದು ಉತ್ತರ ಕೊಡಬೇಕು. ಆಮೇಲೆಯೇ ತುತ್ತು ಗಂಟಲಲ್ಲಿ ಇಳಿಯುತ್ತದೆ.

ಕಾಕಾ ಬಾಗಲಕೋಟೆಯನ್ನು ಸಮುದ್ರದ ದಂಡೆಯ ಊರು ಎನ್ನುತ್ತಾರೆ. “ಹಿನ್ನೀರು ಅಂದ್ರ ಕೇಳೂದಿಲ್ಲ ನಾ. ಆ ದಂಡಿ ಕಾಣ್ತೈತೇನು? ಇಲ್ಲ. ತೆರಿ ಬರ್ತಾವೇನು? ಬರ್ತಾವು. ಮೀನ ಸಿಗ್ತಾವೇನು? ಸಿಗ್ತಾವು. ಮತ್ತಿನ್ನೇನ್ ಬೇಕು ಸಮುದ್ರಕ್ಕ?” ಉಪ್ಪು ಬೇಡವೇ ಎಂದು ಕೇಳಿದ್ದೆ. “ಉಪ್ಪು ಸಾರಿನ್ಯಾಗ ಇದ್ರ ಸಾಕು,” ಎಂದರು.

ಆ ‘ಸಮುದ್ರ’ದ ದಂಡೆಯಲ್ಲಿ ಗಂಡ ಹೆಂಡತಿ ಇಬ್ಬರು ನಡೆಸುವ ತಗಡಿನ ಚಪ್ಪರದ ಹೋಟೆಲೊಂದಿದೆ. ಅವರು ಮೀನು ಹುರಿದರೆ ಬೀರಪ್ಪನ ಒಕ್ಕಲಾದ ನಮ್ಮ ಮನೆತನದ ಕುರಿಮಾಂಸದ ಪ್ರೀತಿಯೂ ಒಂದು ಗಳಿಗೆ ಅಲುಗಾಡುತ್ತದೆ. ಒಂದು ಆದಿತ್ಯವಾರ ಕಾಕಾ ನನ್ನನ್ನೂ ಕರೆದೊಯ್ದರು. ನಾಲ್ಕೈದು ಟೇಬಲ್ಲು, ಒಂದೊಂದಕ್ಕೆ ಒಬ್ಬೊಬ್ಬರು. ಕಾಕಾನ ಕಣ್ಣಿಗೆ ಅದು ಹೋಟೆಲಾಗಿ ಕಾಣಲೇ ಇಲ್ಲ, ಅರ್ಧ ಖಾಲಿ ಬಸ್ಸಾಗಿ ಕಂಡಿತು!

“ಏ ತಮ್ಮಾ, ಒಂಚೂರು ಸರಿ. ಯಜಮಾನ್ರ, ನೀವು ಈ ಕಡಿ ಬರ್ರಿ. ಇಲ್ಲಿ ಎದುರಿನ ಸೀಟು ಖಾಲಿ ಐತ್ರಿ! ಅಕ್ಕಾರ, ಚೀಲಾ ತೊಡಿ ಮ್ಯಾಲ ಇಟ್ಗೋರಿ, ಇನ್ನೊಬ್ರು ಕೂಡ್ತಾರ!”

ಮಂದಿ ಯಾಕೆ ಏನು ಎಂದು ಕೇಳದೆ ಎದ್ದು ಸರಿದು ಕೂತರು. ಕಂಡಕ್ಟರ್ ದನಿಗೆ ನಮ್ಮ ಜನ ಅಷ್ಟು ಒಗ್ಗಿದ್ದಾರೆ. ಎರಡು ನಿಮಿಷದಲ್ಲಿ ಎರಡು ಟೇಬಲ್ ಭರ್ತಿ, ಉಳಿದವು ಖಾಲಿ. ಹೋಟೆಲಿನ ಸಾಹೇಬರು ಬಾಣಲೆ ಬಿಟ್ಟು ಬಂದರು.

“ಕಾಕಾ, ಇದು ಹೋಟೆಲ್ ಐತ್ರಿ, ಬಸ್ ಅಲ್ಲ!”

“ಬಸ್ಸಾಗಿದ್ರ ನಿಮ್ಮನ್ನ ಡ್ರೈವರ್ ಸೀಟಿನ್ಯಾಗ ಕೂಡ್ಸ್ತಿದ್ದೆ. ಹೋಗ್ರಿ, ಮೀನ ಹೊತ್ತೀತು!” ಎಂದರು ಕಾಕಾ.

ಹುನಗುಂದದಲ್ಲಿ ಇದೇ ಚಾಳಿ ಒಮ್ಮೆ ದೊಡ್ಡ ಪ್ರಸಂಗವೇ ಆಯಿತು. ಕೋರ್ಟಿನ ಹತ್ತಿರದ ಖಾನಾವಳಿ, ಮಧ್ಯಾಹ್ನದ ಹೊತ್ತು. ದೂರ ದೂರ ಎರಡು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ ಇಬ್ಬರನ್ನು ಕಾಕಾ ಎಬ್ಬಿಸಿ ತಂದು ಎದುರುಬದುರು ಕೂರಿಸಿದರು. ಇಡೀ ಖಾನಾವಳಿ ಉಸಿರು ಬಿಗಿಹಿಡಿಯಿತು. ಅವರಿಬ್ಬರೂ ಅಣ್ಣ ತಮ್ಮ! ಹೊಲದ ಬದುವಿಗಾಗಿ ಒಬ್ಬರ ಮೇಲೊಬ್ಬರು ಕೇಸು ಹಾಕಿ, ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವಂತೆ. ಆವತ್ತು ತಾರೀಖಿಗೆ ಬಂದಿದ್ದರು. ಇಬ್ಬರ ಮುಂದೆಯೂ ತಾಟು ಬಂತು. ಅಣ್ಣ ರೊಟ್ಟಿ ಮುರಿದ. ಕೈ ಬಾಯಿಗೆ ಹೋಗಲೊಲ್ಲದು. ಎದುರಿಗೆ ಮುಖವಿದೆ, ಪದ್ಧತಿ ಬಿಡುವಂತಿಲ್ಲ. ಕೇಸು ಬೇರೆ, ಪದ್ಧತಿ ಬೇರೆ ಅಲ್ಲವೇ? ಕೊನೆಗೆ ತಾಟನ್ನೇ ನೋಡುತ್ತ, “ಬಾರಲೇ, ಊಟಾ ಮಾಡೂಣು,” ಎಂದು ಗೊಣಗಿದ.

ತಮ್ಮನೂ ತಲೆ ಎತ್ತದೆ, “ಆತು, ನೀ ಮಾಡು,” ಎಂದ. ಅವನ ಮುಂದೆ ಎರಡು ರೊಟ್ಟಿ, ಒಂದು ಬಟ್ಟಲು ಪಲ್ಯ ಹಾಗೇ ಇತ್ತು!

ಖಾನಾವಳಿ ಗೊಳ್ಳೆಂದು ನಕ್ಕಿತು. ಅಣ್ಣ ತಮ್ಮಂದಿರಿಗೂ ನಗು ತಡೆಯಲಾಗಲಿಲ್ಲ. “ರಾಜಿ ಮಾಡಿಸಿಬಿಟ್ರಿ ಹಂಗಾರ,” ಎಂದೆ ನಾನು, ಕಾಕಾ ಬಂದು ವರದಿ ಒಪ್ಪಿಸಿದಾಗ. “ಎಲ್ಲಿದು ರಾಜಿ! ಕೇಸು ಇನ್ನೂ ನಡದೈತಿ. ಆದ್ರ ತಾರೀಖಿಗೆ ಬಂದಾಗ ಈಗ ಒಂದ ಟೇಬಲ್ಲಿಗೆ ಕೂಡ್ತಾರಂತ,” ಎಂದರು.

ಬಾದಾಮಿ ಹತ್ತಿರ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ರೊಟ್ಟಿ, ಕೆಂಪು ಚಟ್ನಿ, ಸಣ್ಣ ಗಡಿಗೆಯ ಮೊಸರು ಮಾರುತ್ತಾರಲ್ಲ, ಅಲ್ಲಿಗೂ ಕಾಕಾ ವಾರಕ್ಕೊಮ್ಮೆ ಹೋಗುತ್ತಿದ್ದರು. ಗಿಡದ ನೆರಳಲ್ಲಿ ಕೂತು, ಹೋಗುವವರಿಗೆ ಬರುವವರಿಗೆಲ್ಲ “ಬರ್ರಿ, ಊಟಾ ಮಾಡೂಣು.” ಒಂದು ದಿನ ಹೀಗೆ ಯಾರಿಗೋ ಅಂದು ಈ ಕಡೆ ತಿರುಗುವಷ್ಟರಲ್ಲಿ ಗಿಡದಿಂದ ಮಂಗವೊಂದು ಇಳಿದು ಬಂದು, ಎದುರಿಗೇ ಕೂತು, ತಾಟಿನಿಂದ ರೊಟ್ಟಿ ಎತ್ತಿ ತಿನ್ನತೊಡಗಿತು. ರೊಟ್ಟಿ ಮಾರುವಾಕೆ ಕೋಲು ಹಿಡಿದು ಓಡಿಬಂದಳು. ಕಾಕಾ ಅವಳನ್ನೇ ತಡೆದರು.

“ಇರ್ಲಿ ಬಿಡವ್ವಾ. ಇಷ್ಟ ವರ್ಷದಾಗ ಕರದ ಕೂಡ್ಲೆ ಬಂದು ಕುಂತಿದ್ದು ಇದೊಂದ ನೋಡು!”

ಇದನ್ನು ಹೇಳಿ ನಾನು ಸ್ಟಾಫ್ ರೂಮಿನಲ್ಲಿ ಎಷ್ಟು ಮಂದಿಯನ್ನು ನಗಿಸಿದ್ದೇನೋ! ಕಾಕಾ ಆ ಮಾತು ಹೇಳುವಾಗ ನಗುತ್ತಿರಲಿಲ್ಲ ಎನ್ನುವುದು ಆಗ ನನ್ನ ಗಮನಕ್ಕೇ ಬರಲಿಲ್ಲ.

ಈಚೆಗೆ ಕಾಕಾನ ಕಷ್ಟ ಹೆಚ್ಚುತ್ತ ಬಂದಿತ್ತು. ಒಮ್ಮೆ ಇಳಕಲ್ಲಿಗೆ ಹೋಗಿ ಬಂದವರು ಬಾಡಿದ ಮುಖ ಮಾಡಿಕೊಂಡು ನಮ್ಮ ಮನೆಗೆ ಬಂದರು. ಖಾನಾವಳಿ ತುಂಬ ಮಂದಿ ಇದ್ದರಂತೆ, ಎದುರಿಗೆ ಒಬ್ಬ ಹುಡುಗನೂ ಇದ್ದನಂತೆ. ಆದರೆ ಅವನ ಕಿವಿಯಲ್ಲಿ ಬಿರಡೆಯಂಥವು ಎರಡು, ಕಣ್ಣು ಮೊಬೈಲಿನಲ್ಲಿ. ಕಾಕಾ ಮೂರು ಸಲ “ಬಾರಪಾ, ಊಟಾ ಮಾಡೂಣು,” ಎಂದರಂತೆ. ಮೂರನೇ ಸಲ ಅವನು ಕಣ್ಣೆತ್ತಿ, ಸೀಟು ಕೇಳುತ್ತಿದ್ದಾರೆಂದು ತಿಳಿದು, ತಾಟು ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋಗಿ ಕೂತನಂತೆ.

“ಮತ್ತ ಊಟ?”

“ಹಂಗ ಎದ್ದು ಬಂದೆ.”

“ಅಲ್ಲರೀ ಕಾಕಾ, ಅಂವ ಆತ್ರಿ ಅನ್ನಲಿಲ್ಲ ಅಂತ ಉಪವಾಸ ಇಳಕಲ್ಲಿಂದ ಇಲ್ಲೀತನಕ ಬಂದ್ರೇನು? ನಿಮಗೇನ್ ಹುಚ್ಚ?” ಎಂದು ಬೈದೆ.

ಅದೇ ತಿಂಗಳು ಕಣ್ಣು ಕತ್ತಲೆ ಬಂದು ಒಂದು ಮುಂಜಾನೆ ಕಟ್ಟೆಯ ಮೇಲೆ ಕುಸಿದರು. ದವಾಖಾನೆಗೆ ಒಯ್ದೆವು. ಬಿ.ಪಿ., ಶುಗರ್ ಎರಡೂ ಏರಿದ್ದವು. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: “ಹೊರಗಿನ ಊಟ ಬಂದ್. ಮನಿ ಊಟ, ಹೊತ್ತಿಗೆ ಸರಿಯಾಗಿ. ತಪ್ಪಿದ್ರ ಮುಂದಿನ ಸಲ ಏನಕ್ಕೈತಂತ ಹೇಳಾಕ ಬರೂದಿಲ್ಲ.”

ಆ ದಿನದಿಂದ ನಾನೇ ಡಬ್ಬಿ ಕಟ್ಟತೊಡಗಿದೆ. ಮುಂಜಾನೆ ಕಾಲೇಜಿಗೆ ಹೋಗುವ ಮುಂಚೆ ಅತ್ತ ಹಾಯ್ದು ಡಬ್ಬಿ ಕೊಡುವುದು, ಸಂಜೆ ಖಾಲಿ ಡಬ್ಬಿ ತರುವುದು. ಡಬ್ಬಿ ದಿನಾ ಖಾಲಿ, ಅದೂ ಬೆಳಗಿ ತೊಳೆದು ಒರೆಸಿ ಇಟ್ಟಿರುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ಆದರೆ ಕಾಕಾ ಸೊರಗುತ್ತ ಹೋದರು. ಕೊರಳಪಟ್ಟಿಯ ಒಳಗೆ ಇನ್ನೊಂದು ಕೊರಳು ಹಿಡಿಸುವಷ್ಟು ಅಂಗಿ ಸಡಿಲಾಯಿತು. ವಿಚಿತ್ರವೆಂದರೆ, ಪಕ್ಕದ ಮನೆಯ ಎಮ್ಮೆ ಮಾತ್ರ ಮಿರಿಮಿರಿ ಮಿಂಚುತ್ತಿತ್ತು!

ಒಂದು ದಿನ ಕಾಲೇಜಿಗೆ ಅಚಾನಕ್ ರಜೆ ಕೊಟ್ಟರು. ಮಧ್ಯಾಹ್ನ ಒಂದರ ಸುಮಾರಿಗೆ ಕಾಕಾನ ಓಣಿಗೆ ಹೋದೆ. ಆ ಓಣಿಯನ್ನು ಆ ಹೊತ್ತಿನಲ್ಲಿ ನಾನು ನೋಡಿಯೇ ಇರಲಿಲ್ಲ. ಬಿಟ್ಟುಹೋದ ಮನೆಗಳು, ಬಾಗಿಲಿಲ್ಲದ ಚೌಕಟ್ಟುಗಳು, ಓಣಿಯ ಆ ತುದಿಗೆ ನೀರು. ಒಂದು ನರಪಿಳ್ಳೆ ಇಲ್ಲ; ಪಕ್ಕದ ಮನೆಯವರೂ ಕೂಲಿಗೆ ಹೋಗಿದ್ದರು. ಕಾಕಾ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಮುಂದೆ ತಾಟು, ತಾಟಿನಲ್ಲಿ ನಾನು ಕಟ್ಟಿದ್ದ ರೊಟ್ಟಿ ಪಲ್ಯ, ಮುಟ್ಟದೆ ಹಾಗೇ ಇತ್ತು. ಓಣಿಯ ಈ ತುದಿ ನೋಡುವರು, ಆ ತುದಿ ನೋಡುವರು. ಯಾರಾದರೂ ಹಾಯ್ದು ಹೋದಾರು ಎಂದು ಕಾಯುತ್ತಿದ್ದರು. ನಾನು ಗೋಡೆಯ ಮರೆಯಲ್ಲಿ ನಿಂತು ನೋಡಿದೆ. ಎಷ್ಟೋ ಹೊತ್ತಾದ ಮೇಲೆ ಕಾಕಾ ಎದ್ದು, ತಾಟು ಒಯ್ದು ಎಮ್ಮೆಯ ಮುಂದೆ ಸುರುವಿದರು.

ನನಗೆ ಸಿಟ್ಟು ಬಂತೋ ಅಳು ಬಂತೋ ತಿಳಿಯಲಿಲ್ಲ. “ಉಪ್ಪು ಕಮ್ಮಿ, ಎಣ್ಣಿ ಕಮ್ಮಿ ಅಂತ ನಾ ನಸುಕಿನ್ಯಾಗ ಎದ್ದು ಮಾಡೂದು ಎಮ್ಮಿ ಶುಗರ್ ಇಳ್ಸಾಕೇನ್ರಿ?” ಎಂದು ಕೂಗಾಡಿದೆ. ಕಾಕಾ ಸಿಕ್ಕಿಬಿದ್ದ ಟಿಕೆಟಿಲ್ಲದ ಪ್ರಯಾಣಿಕನ ಹಾಗೆ ತಲೆ ತಗ್ಗಿಸಿದರು. “ಒಬ್ಬಂವನ ಹೆಂಗ ಉಣ್ಣಲಿ ಯವ್ವಾ? ಬಾಯಾಗ ಇಟ್ಟರ ಇಳಿಯೂದ ಇಲ್ಲ,” ಎಂದರು.

ಒಳಗೆ ಕರೆದುಕೊಂಡು ಹೋಗಿ ಕೂರಿಸಿದೆ. ಒಲೆ ಹೊತ್ತಿಸಿ ಹಂಚು ಇಟ್ಟೆ. ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದೆ. ಕಾಕಾ ಒಂದು ಕಂಬಳಿ ಹಾಸಿ ಅದರ ನಟ್ಟನಡುವೆ ಕೂತರು. ಬಿಸಿ ರೊಟ್ಟಿ, ಅದರ ಮೇಲೆ ಚಟ್ನಿ, ಮೊಸರು ಹಾಕಿ ಕೊಟ್ಟೆ. ಕಾಕಾ ರೊಟ್ಟಿ ಮುರಿದರು.

“ಬಾ ಯವ್ವಾ, ಊಟಾ ಮಾಡೂಣು.”

ನಾನು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, ತಿರುಗಿ ಕೂಡ ನೋಡದೆ, “ನೀವು ಮಾಡ್ರಿ ಕಾಕಾ, ನಂದು ಆಮ್ಯಾಲ,” ಎಂದೆ.

ರೊಟ್ಟಿ ಉಬ್ಬಿತು. ತಾಟಿಗೆ ಹಾಕಲೆಂದು ತಿರುಗಿದರೆ ಕಾಕಾ ಮುರಿದ ತುಂಡನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡು ಒಲೆಯ ಕಡೆ ನೋಡುತ್ತಿದ್ದರು. ನನ್ನನ್ನಲ್ಲ.

“ನಿಮ್ಮ ಚಿಗವ್ವನೂ ಅಲ್ಲೇ ನಿಂತು ಹಿಂಗ ಅಂತಿದ್ಲು,” ಎಂದರು. “ನೀವು ಮಾಡ್ರಿ, ನಂದು ಆಮ್ಯಾಲ. ದಿನಾ ಕರೀತಿದ್ದೆ, ದಿನಾ ಆಮ್ಯಾಲ ಅಂತಿದ್ಲು. ನನಗ ಡ್ಯೂಟಿ ಗಡಿಬಿಡಿ, ಗಬಗಬ ಉಂಡು ಎದ್ದು ಹೋಗ್ತಿದ್ದೆ. ಅಕಿ ಯಾವಾಗ ಉಂಡ್ಲೋ, ಏನ್ ಉಂಡ್ಲೋ, ಒಮ್ಮೆನೂ ನೋಡಲಿಲ್ಲ.” ಕೈಯಲ್ಲಿದ್ದ ತುಂಡನ್ನು ತಾಟಿಗೆ ಇಟ್ಟರು. “ಓಡಿ ಬರೂ ಮಂದಿಗೆಲ್ಲ ಸೀಟಿ ಹೊಡದು ಬಸ್ ನಿಲ್ಲಿಸೇನಿ ಯವ್ವಾ. ಅಕಿಗೆ ಒಂದಿನಾನೂ ಕಾಯಲಿಲ್ಲ.”

ಇನ್ನೂ ನಾಲ್ಕು ರೊಟ್ಟಿಯ ಹಿಟ್ಟು ಉಳಿದಿತ್ತು. ನಾನು ಒಲೆ ಆರಿಸಿದೆ. ಕೈ ತೊಳೆದು, ಗೋಡೆಯ ಮಾಡದಲ್ಲಿದ್ದ ಇನ್ನೊಂದು ತಾಟು ತೆಗೆದೆ. ಧೂಳು ಹಿಡಿದಿತ್ತು, ಸೆರಗಿನಿಂದ ಒರೆಸಿಕೊಂಡೆ.

“ಬಂದೆ ಕಾಕಾ,” ಎಂದೆ.

ಕಾಕಾ ನನ್ನ ಮುಖ ನೋಡಿದರು. ಆಮೇಲೆ, ಇಡೀ ಮನೆ ಖಾಲಿ ಇದ್ದರೂ, ಕಂಬಳಿಯ ಮೇಲೆ ಒಂದಿಷ್ಟು ಸರಿದು ನನಗೆ ಜಾಗ ಮಾಡಿಕೊಟ್ಟರು.