ಬೆಣ್ಣೆರಾಯನ ಕೋಟು

ಎಲ್ಲ ಅನಾಹುತಕ್ಕೂ ಮೂಲ ಆ ಕನ್ನಡಿ. ಭಾವಮೈದುನನಿಂದ ಎರವಲು ತಂದ ಕಡುನೀಲಿ ಕೋಟನ್ನು ಬರಿಮೈ ಮೇಲೇ ತೊಟ್ಟು ಬೆಣ್ಣೆರಾಯ ಅದರ ಮುಂದೆ ನಿಂತ. ನಿಂತವನು ನಿಂತೇಬಿಟ್ಟ. ಅಬ್ಬಾ, ಇದು ನಾನೇನಾ! ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ, ಕತ್ತು ಹೊರಳಿಸಿ ಬೆನ್ನನ್ನೂ ನೋಡಿಕೊಂಡ. ಅಷ್ಟರಲ್ಲಿ ಮೇಜಿನ ಮೇಲೆ ಹಾಸಿದ್ದ ಬಿಳಿ ಶರ್ಟಿನ ಬೆನ್ನಿನಲ್ಲಿ ಇಸ್ತ್ರಿಪೆಟ್ಟಿಗೆ ತನ್ನ ಆಕಾರದ್ದೇ ಒಂದು ತೂತು ಕೊರೆದಿತ್ತು.

"ಅಯ್ಯೋ, ಉಳಿದ ಶರ್ಟೆಲ್ಲ ಬಕೆಟ್ಟಲ್ಲಿ ನೆನೀತಿದೆಯಲ್ಲೇ!"

"ಕೋಟು ಬಿಚ್ಚದಿದ್ರೆ ಆಯ್ತಪ್ಪ. ಬೆನ್ನು ಯಾರಿಗ್ರೀ ಕಾಣುತ್ತೆ?" ಎಂದಳು ಹೆಂಡತಿ.

ಬೆಣ್ಣೆರಾಯ ಎಂಬುದು ಪಂಪ್‌ಸೆಟ್ ಕಂಪನಿಯ ಸಹೋದ್ಯೋಗಿಗಳು ಇಟ್ಟ ಹೆಸರು. ತುಸು ಸೆಖೆಯಾದರೆ ಸಾಕು, ಆಸಾಮಿ ಕರಗಿ ನೀರಾಗುತ್ತಿದ್ದ. ಹಾಗಾಗಿ ಅವನಿಗಿದ್ದದ್ದು ಒಂದೇ ಆಸೆ: ಆಫೀಸಿನಲ್ಲಿ ಎ.ಸಿ. ಇರುವ ಏಕೈಕ ಜಾಗವಾದ ಗಾಜಿನ ಕೋಣೆಯ ಕುರ್ಚಿ. ಅದು ಈಗ ಖಾಲಿಯಾಗಿತ್ತು. ಅದಕ್ಕೆ ಯೋಗ್ಯರನ್ನು ಆರಿಸಲು ದೊಡ್ಡ ಸಾಹೇಬರು ಇವತ್ತೇ ಬರುವವರಿದ್ದರು. ಎಲ್ಲರೂ ಬಿಸಿನೆಸ್ ಕ್ಯಾಶುಯಲ್‌ನಲ್ಲಿ ಇರತಕ್ಕದ್ದು ಎಂದು ಅಪ್ಪಣೆಯೂ ಆಗಿತ್ತು.

"ಹಾಗಂದ್ರೆ ಕೋಟಿರಬೇಕು, ಟೈ ಇರಬಾರದು. ಮದುವೆಗೂ ಆಗಬಾರದು, ಮಲಗೋಕೂ ಆಗಬಾರದು" ಎಂದು ಟೈಪಿಸ್ಟಮ್ಮ ವ್ಯಾಖ್ಯಾನ ಕೊಟ್ಟಿದ್ದರು.

ಸಾಹೇಬರು ಬಂದರು. ಎಲ್ಲರನ್ನೂ ಗಾಜಿನ ಕೋಣೆಯೊಳಗೆ ಕರೆದು ಕೂರಿಸಿದ್ದೇ ತಡ, ಕರೆಂಟು ಹೋಯಿತು. ಕಿಟಕಿಯಿಲ್ಲದ ಕೋಣೆ ಕ್ಷಣದಲ್ಲಿ ಹಬೆಯ ಪಾತ್ರೆಯಾಯಿತು.

"ಅಯ್ಯಪ್ಪಾ! ಕೋಟು ಬಿಚ್ಚಿಬಿಡ್ರಪ್ಪ ಎಲ್ಲರೂ" ಎಂದು ಸಾಹೇಬರು ತಮ್ಮದನ್ನೂ ಕಿತ್ತು ಕುರ್ಚಿಗೆ ಹಾಕಿದರು. ಎಲ್ಲರೂ ಬಿಚ್ಚಿದರು, ಒಬ್ಬನನ್ನು ಬಿಟ್ಟು.

"ನೀವೂ ಬಿಚ್ರೀ."

"ಪರವಾಗಿಲ್ಲ ಸರ್. ನನಗೆ ಸೆಖೇನೇ ಆಗಲ್ಲ."

ಕೋಣೆಯಲ್ಲಿದ್ದವರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. "ನಮ್ಮ ಬೆಣ್ಣೆರಾಯಾನಾ ಈ ಮಾತಾಡ್ತಿರೋದು?" ಎಂದು ಟೈಪಿಸ್ಟಮ್ಮ ಪಿಸುಗುಟ್ಟಿದರು.

ಊರ ಉಸಾಬರಿಯೆಲ್ಲ ತನ್ನದೇ ಎಂದುಕೊಂಡಿದ್ದ ಕ್ಯಾಷಿಯರ್ ಸುಮ್ಮನಿರುವವನೇ? "ಸಂಕೋಚ ಯಾಕಯ್ಯ, ಬಿಚ್ಚು" ಎಂದು ಹಿಂದಿನಿಂದ ಕಾಲರಿಗೇ ಕೈಹಾಕಿ ಎಳೆದ. ಬೆಣ್ಣೆರಾಯ ಎರಡೂ ಕೈಗಳಿಂದ ಗುಂಡಿಗಳನ್ನು ಅವುಚಿಕೊಂಡ. ಎಳೆದಾಟದಲ್ಲಿ ಭುಜದ ಹೊಲಿಗೆ ಪರ್ರೆಂದಿತು.

"ಜೀವ ಹೋದ್ರೂ ಬಿಚ್ಚಲ್ಲ!" ಎಂದು ಕಿರುಚಿದ.

"ಬಿಡ್ರಿ ಅವರನ್ನ!" ಸಾಹೇಬರು ಎದ್ದುನಿಂತರು. ಬೆಣ್ಣೆರಾಯನ ಹಣೆಯಿಂದ ಧಾರೆಧಾರೆಯಾಗಿ ನೀರಿಳಿಯುತ್ತಿತ್ತು, ತುಟಿಯಲ್ಲಿ ಮಾತ್ರ ನಗು ಗಟ್ಟಿಯಾಗಿ ಅಂಟಿಕೊಂಡಿತ್ತು. ಸಾಹೇಬರು ಅವನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. "ಏನು ಶಿಸ್ತು! ಏನು ತಾಳ್ಮೆ! ನನ್ನ ಸರ್ವಿಸ್‌ನಲ್ಲೇ ಇಂಥ ಮನುಷ್ಯನ್ನ ನೋಡಿಲ್ಲ ಕಣ್ರೀ."

ಗೆದ್ದೆ ಎಂದುಕೊಂಡ ಬೆಣ್ಣೆರಾಯ. ಆ ಬೇಗೆಯಲ್ಲೂ ಅವನ ಎದೆ ತಂಪಾಯಿತು.

"ಈ ಕುರ್ಚಿಗೇನು, ಯಾರಾದ್ರೂ ಆದೀತು. ಕ್ಯಾಷಿಯರೇ, ನೀವೇ ಕೂತ್ಕೊಳ್ಳಿ. ಆದ್ರೆ ನಮ್ಮ ಎರಕದ ಶೆಡ್ಡಲ್ಲಿ ಕುಲುಮೆ ಪಕ್ಕ ನಿಲ್ಲೋಕೆ ಒಬ್ಬ ಮೇಲ್ವಿಚಾರಕ ಸಿಕ್ತಾ ಇರ್ಲಿಲ್ಲ. ಬಂದವರೆಲ್ಲ ಸೆಖೆ ಸೆಖೆ ಅಂತ ಓಡಿಹೋದ್ರು. ದೇವರ ಹಾಗೆ ಸಿಕ್ಕಿದ್ರಿ ನೀವು! ನಾಳೆಯಿಂದಲೇ ಅಲ್ಲಿಗೆ ಹೋಗಿ."

ಮಾನ ಹೋದರೆ ಹೋಗಲಿ, ಜೀವ ಉಳಿದರೆ ಸಾಕು. ಬೆಣ್ಣೆರಾಯ ಕೋಟನ್ನು ಕಿತ್ತೆಸೆದು ಸಾಹೇಬರಿಗೆ ಬೆನ್ನು ತಿರುಗಿಸಿ ನಿಂತ.

"ಸರ್, ನೋಡಿ ಸರ್, ಪೂರ್ತಿ ಸುಟ್ಟುಹೋಗಿದೆ! ಇದಕ್ಕೇ ಸರ್ ನಾನು ಬಿಚ್ಚದೇ ಇದ್ದದ್ದು!"

ಸಾಹೇಬರು ಬೆರಳನ್ನು ಆ ತೂತಿನೊಳಗೆ ಹಾಕಿ ಅವನ ಬೆನ್ನನ್ನು ಮುಟ್ಟಿ ನೋಡಿದರು.

"ರೀ, ಈ ಸೆಖೆಗೆ ಶರ್ಟೇ ಸುಟ್ಟುಹೋಗಿದೆ!" ಎಂದು ಉಳಿದವರತ್ತ ತಿರುಗಿದರು. "ಮನುಷ್ಯನಿಗೆ ಒಂದು ಬೊಬ್ಬೆ ಕೂಡ ಎದ್ದಿಲ್ಲ!"

ಟೈಪಿಸ್ಟಮ್ಮ ಕೈಮುಗಿದರು. ಸಾಹೇಬರೇ ಕೋಟನ್ನು ಎತ್ತಿ, ಧೂಳು ಕೊಡವಿ, ಅವನಿಗೆ ತೊಡಿಸಿ ಗುಂಡಿ ಹಾಕಿದರು. "ಕುಲುಮೆ ಹತ್ರಾನೂ ಇದನ್ನೇ ಹಾಕ್ಕೊಳ್ಳಿ. ನಾಲ್ಕು ಜನ ನೋಡಿ ಕಲೀಲಿ."

ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಅವನನ್ನು ನಡುವೆ ನಿಲ್ಲಿಸಿಕೊಂಡು ಕೋಣೆಯಿಂದ ಹೊರಗೆ ಬಂದಾಗ ಕರೆಂಟು ಬಂತು. ಒಳಗೆ ಎ.ಸಿ. ಗುರ್ ಎಂದಿತು. ತಂಪೆಲ್ಲ ಆಚೆ ಹೋಗದಿರಲೆಂದು ಕ್ಯಾಷಿಯರ್ ಒಳಗಿನಿಂದ ಬಾಗಿಲು ಹಾಕಿಕೊಂಡ.