ಮೇಡಂ ಕೈಯ ಬಿಲ್ಲೆ

ಇಷ್ಟಕ್ಕೆಲ್ಲ ಕಾರಣ ಒಂದು ಬೂಟಿನ ದಾರ. ದಾರವೂ ಅಲ್ಲ, ಅದನ್ನು ಕಟ್ಟುವ ನಾಟಕ.

ಗಡಿಯಾರ ಕಾರ್ಖಾನೆಯ ಗೇಟಿಗೆ ಸ್ವಲ್ಪ ಈಚೆ, ಸೈಕಲ್ ರಿಪೇರಿ ಅಂಗಡಿಯ ಮೂಲೆಯಲ್ಲಿ, ಪೆಂಡುಲಂ ದಿನಾ ಬೆಳಿಗ್ಗೆ ಬಗ್ಗಿ ಕೂತು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಅಲ್ಲಿಯವರೆಗೆ ಅವನ ಜೊತೆಯಲ್ಲೇ ನಡೆದು ಬಂದ ಮೇಡಂ ಅಷ್ಟರಲ್ಲಿ ಮುಂದೆ ಹೋಗಿ ಗೇಟು ದಾಟಬೇಕು. ಇಬ್ಬರೂ ಒಟ್ಟಿಗೆ ಒಳಗೆ ಕಾಲಿಟ್ಟರೆ ಕಾರ್ಖಾನೆಯ ಅಷ್ಟೂ ಗಡಿಯಾರ ಒಂದೇ ಸಲ ಬಾರಿಸಿದ ಹಾಗೆ ಸುದ್ದಿಯಾಗುತ್ತದೆ ಎಂಬ ಭಯ ಅವನಿಗೆ. ಮೇಡಂ ತಪಾಸಣೆ ವಿಭಾಗದ ಮುಖ್ಯಸ್ಥೆ. ಅವನು ಅವರ ಕೈಕೆಳಗೆ ಕೂತು, ನಿಧಾನವಾಗಿ ಓಡುವ ಗಡಿಯಾರಗಳನ್ನು ಹಿಡಿದು ಸರಿಮಾಡುವವನು.

ಪೆಂಡುಲಂ ಎಂಬುದು ಜೊತೆಯವರು ಇಟ್ಟ ಹೆಸರು. ಟೀ ಬೇಕಾ ಎಂದರೂ "ಬೇಕು... ಅಲ್ಲ, ಬೇಡ... ಅರ್ಧ ಇರ್ಲಿ" ಎನ್ನುವವನಿಗೆ ಬೇರೆ ಯಾವ ಹೆಸರು ಒಪ್ಪೀತು?

ಆಗೆಲ್ಲ ಹಾಜರಿಗೆ ಹಿತ್ತಾಳೆ ಬಿಲ್ಲೆ ಇತ್ತು. ಗೇಟಿನ ಪಕ್ಕದ ಹಲಗೆಯಲ್ಲಿ ಒಬ್ಬೊಬ್ಬರ ಬಿಲ್ಲೆ ಒಂದೊಂದು ಕೊಕ್ಕೆಗೆ ತೂಗುತ್ತಿತ್ತು. ಸೈರನ್ ನಿಲ್ಲುವ ಮೊದಲು ತನ್ನ ಬಿಲ್ಲೆಯನ್ನು ತಾನೇ ತೆಗೆದುಕೊಂಡವನು ಬಚಾವು. ಸೈರನ್ ನಿಂತಿತೋ, ಕಾವಲುಗಾರ ತಾತ ಉಳಿದ ಬಿಲ್ಲೆಗಳನ್ನು ಬಾಚಿಕೊಂಡು ಆಯಾ ವಿಭಾಗದ ಮುಖ್ಯಸ್ಥರ ಮೇಜಿಗೆ ಒಯ್ಯುತ್ತಿದ್ದ. ತಡವಾಗಿ ಬಂದವನು ಅಲ್ಲಿ ಹೋಗಿ ಕೈಯೊಡ್ಡಿ ನಿಲ್ಲಬೇಕು.

ಪೆಂಡುಲಂ ಕೈಯೊಡ್ಡುತ್ತಿದ್ದ.

"ಮತ್ತೆ ಲೇಟಾ?" ಎಂದು ಮೇಡಂ ಇಡೀ ಹಾಲಿಗೆ ಕೇಳುವಂತೆ ಗದರುತ್ತಿದ್ದರು.

"ತಪ್ಪಾಯ್ತು ಮೇಡಂ."

ಬಿಲ್ಲೆ ಅಂಗೈಗೆ ಬೀಳುತ್ತಿತ್ತು. ಅದರ ಹಿಂದೆಯೇ ಎರಡು ಬೆರಳು ಬಂದು ಒಂದು ಕ್ಷಣ ಒತ್ತಿ ಹೋಗುತ್ತಿದ್ದವು. ಹಿತ್ತಾಳೆ ತಣ್ಣಗೆ, ಬೆರಳು ಬೆಚ್ಚಗೆ. ಆ ಒಂದು ಕ್ಷಣಕ್ಕಾಗಿ ಅವನು ಜೀವಮಾನವೆಲ್ಲ ಲೇಟಾಗಲು ತಯಾರಿದ್ದ.

ಇದೆಲ್ಲ ಶುರುವಾದದ್ದು ಮೇಡಂ ಮನೆಯ ಗೋಡೆ ಗಡಿಯಾರದಿಂದ. ಅವರ ಅಪ್ಪನ ಕಾಲದ್ದು, ನಿಂತುಹೋಗಿತ್ತು. ಒಂದು ಭಾನುವಾರ ಪೆಂಡುಲಂ ಹೋಗಿ ಓಡುವಂತೆ ಮಾಡಿದ. ಮುಂದಿನ ಭಾನುವಾರ, ಓಡುತ್ತಿದೆಯೋ ಇಲ್ಲವೋ ಎಂದು ನೋಡಲು ಹೋದ. ಆಮೇಲೆ ಭಾನುವಾರ ಭಾನುವಾರವೂ, ಚೆನ್ನಾಗಿ ಓಡುತ್ತಿದ್ದ ಗಡಿಯಾರವನ್ನು ಬಿಚ್ಚಿ ಮತ್ತೆ ಜೋಡಿಸಿದ. ಹೆಸರು ಹಿಡಿದು ಕರೆ ಎಂದು ಮೇಡಂ ಹೇಳಿದಾಗ ಕಷ್ಟಪಟ್ಟು ಕರೆದ, ಕೊನೆಗೆ ಅಭ್ಯಾಸಬಲದಿಂದ "ಮೇಡಂ" ಎಂದು ಸೇರಿಸಿದ.

ಆ ದಿನ ಬೆಳಿಗ್ಗೆ ಮೂಲೆ ತಲುಪಿ ಅವನು ಬೂಟಿಗೆ ಕೈಹಾಕಿದಾಗ ಮೇಡಂ ಮುಂದೆ ಹೋಗಲಿಲ್ಲ.

"ಎರಡು ವಿಷಯ ಇದೆ," ಎಂದರು. "ಒಂದು, ನಿನ್ನೆ ನೀನು ಹೋದ್ಮೇಲೆ ನಿನ್ನ ಹೆಸರು ನೋಟೀಸು ಬೋರ್ಡಿಗೆ ಹಾಕ್ಸಿದೀನಿ. ಲೇಟಾದ್ದಕ್ಕೆ ಅರ್ಧ ದಿನದ ಕೂಲಿ ಕಟ್."

"ಮೇಡಂ! ನಾನು ಲೇಟಾಗೋದು ನಿಮ್ಮಿಂದಾನೇ ಅಲ್ವಾ?"

"ಗೊತ್ತು. ಬೇರೆಯವರಿಗೆ ಹಾಕಿ ನಿಂಗೆ ಬಿಟ್ರೆ ಅನುಮಾನ ಬರಲ್ವಾ? ಎರಡನೇದು, ದೊಡ್ಡ ಆಫೀಸಿಂದ ಡೈರೆಕ್ಟರು ಫೋನ್ ಮಾಡಿದ್ರು. ಸಮುದ್ರದ ಕಡೆ ಊರಲ್ಲಿ ಹೊಸ ಕಾರ್ಖಾನೆ. ನನ್ನನ್ನ ಮ್ಯಾನೇಜರ್ ಮಾಡ್ತಾರಂತೆ. ಸಂಜೆಯೊಳಗೆ ಉತ್ತರ ಕೊಡ್ಬೇಕು."

ಪೆಂಡುಲಂ ಕೈಯಲ್ಲಿ ದಾರ ಗಂಟಾಯಿತು. "ಅದು ರೈಲಲ್ಲಿ ಒಂದು ರಾತ್ರಿ ದಾರಿ."

"ಹೂಂ. ಇವತ್ತು ನೀನು ಎಲ್ಲರ ಎದುರಿಗೆ ನಮ್ಮ ವಿಷಯ ಹೇಳು. ಹೇಳಿದ್ರೆ ನಾನು ಎಲ್ಲಿಗೂ ಹೋಗಲ್ಲ. ಇನ್ನೂ ಹೀಗೆ ಬೂಟು ಕಟ್ಕೊಂಡು ಕೂತ್ರೆ ನಾನು ರೈಲು ಹತ್ತೋದೇ."

ಮೇಡಂ ನಡೆದರು. ಪೆಂಡುಲಂ ಗಂಟು ಬಿಡಿಸುವಷ್ಟರಲ್ಲಿ ಸೈರನ್ ನಿಂತಿತು.

ಹಾಲಿನಲ್ಲಿ ನೂರಾರು ಗಡಿಯಾರಗಳ ಟಿಕ್ ಟಿಕ್ ನಡುವೆ ಅವನು ಧೈರ್ಯ ಕೂಡಿಸಿದ. ಮೊದಲು ಪ್ಯಾಕಿಂಗ್ ಅಕ್ಕನಿಗೆ ಹೇಳುವುದು ವಾಸಿ. ಅವಳಿಗೆ ಹೇಳಿದರೆ ಉಳಿದವರಿಗೆ ಹೇಳುವ ಶ್ರಮ ಇರುವುದಿಲ್ಲ.

"ಅಕ್ಕ, ನನಗೂ ಮೇಡಂಗೂ..."

"ಗೊತ್ತು ಕಣಪ್ಪ, ಆಗಿಬರಲ್ಲ," ಎಂದಳು ಅಕ್ಕ, ಪೆಟ್ಟಿಗೆಗೆ ಹೊಟ್ಟು ತುಂಬುತ್ತ. "ಬೋರ್ಡ್ ನೋಡ್ಕೊಂಡೇ ಬಂದೆ. ಹೊಟ್ಟೆ ಉರಿದುಹೋಯ್ತು. ದಿನಾ ಬೆಳಿಗ್ಗೆ ನಿನ್ನ ಮುಖ ನೋಡ್ತೀನಲ್ಲ, ಬೈಸ್ಕೊಂಡು ಬರ್ತೀಯ, ಕಿವಿಯೆಲ್ಲ ಕೆಂಪಾಗಿರತ್ತೆ."

"ಅದು ಬೈಸ್ಕೊಂಡಿದ್ದಕ್ಕಲ್ಲ ಅಕ್ಕ..."

"ಸುಮ್ನಿರು. ಅಲಾರಂ ಅಣ್ಣಂಗೆ ಆಗಲೇ ಹೇಳಿಯಾಯ್ತು."

ಅಲಾರಂ ಅಣ್ಣ ಕಾರ್ಮಿಕ ಸಂಘದ ಕಾರ್ಯದರ್ಶಿ. ಅಲಾರಂ ಗಡಿಯಾರಗಳ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಅವುಗಳಿಗಿಂತ ಗಟ್ಟಿಯಾಗಿ ಮಾತಾಡಿ ರೂಢಿಯಾದವನು. ಗುಟ್ಟು ಹೇಳಿದರೂ ರಸ್ತೆಯಾಚೆಗೆ ಕೇಳುತ್ತಿತ್ತು. ಬಹಳ ದಿನದಿಂದ ಅವನಿಗೆ ಒಂದು ಹೋರಾಟ ಬೇಕಾಗಿತ್ತು, ಸಿಕ್ಕಿರಲಿಲ್ಲ.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಲಾರಂ ಅಣ್ಣ ಪೆಂಡುಲಂನನ್ನು ಕಂಕುಳಿಗೆ ಕೈಹಾಕಿ ಎತ್ತಿ ಮೇಜಿನ ಮೇಲೆ ನಿಲ್ಲಿಸಿದ, ಅಂಗಡಿಯವನು ಗಡಿಯಾರ ಎತ್ತಿ ತೋರಿಸುವ ಹಾಗೆ.

"ನೋಡಿ ಇವನನ್ನ! ಈ ಕಾರ್ಖಾನೆಯ ಒಂದು ಗಡಿಯಾರವೂ ನಿಧಾನ ಆಗದ ಹಾಗೆ ನೋಡ್ಕೊಳ್ಳೋ ಬೆರಳು ಇವು! ಇವನಿಗೆ ಕೂಲಿ ಕಟ್ಟಂತೆ! ಹೇಳು ತಮ್ಮಾ, ಹೆದರಬೇಡ. ಆ ಹೆಂಗಸು ನಿಂಗೆ ಏನೇನು ಮಾಡಿದಾಳೆ, ಎಲ್ಲ ಹೇಳು!"

ಎಲ್ಲರ ಎದುರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ಪೆಂಡುಲಂ ಬಾಯಿ ತೆರೆದ. ಮಾತು ಕೀಲಿ ಕೊಡದ ಗಡಿಯಾರದಂತೆ ನಿಂತುಬಿಟ್ಟಿತು. ಕಿಟಕಿಯಾಚೆ, ಅಂಗಳದ ಆ ಬದಿಯ ಮೆಟ್ಟಿಲ ಮೇಲೆ ಮೇಡಂ ನಿಂತದ್ದು ಕಂಡಿತು.

"ಮೇಡಂ... ಮೇಡಂ ಒಳ್ಳೆಯವರು," ಎಂದು ಕೂಗಿದ. "ಲೇಟಾಗೋದು ನನ್ನಿಷ್ಟ! ನಾನು ಬೇಕಂತಲೇ ಲೇಟಾಗ್ತೀನಿ! ಅವರು ಬೈದರೆ ನನಗೆ ಬೇಜಾರಿಲ್ಲ, ಸಂತೋಷ!"

ಕ್ಯಾಂಟೀನಿನವರೆಲ್ಲ ಕೈಯ ತುತ್ತು ತಟ್ಟೆಗಿಟ್ಟರು.

"ಅಯ್ಯೋ ಪಾಪ," ಎಂದು ಪ್ಯಾಕಿಂಗ್ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಷ್ಟು ಹೆದರಿಸಿರ್ಬೇಕು ನೋಡಿ."

"ಕೇಳಿದ್ರಾ?" ಅಲಾರಂ ಅಣ್ಣ ಗುಡುಗಿದ. "ಮನುಷ್ಯನ ತಲೆ ಕೆಡೋ ತನಕ ಬೈದಿದ್ದಾಳೆ! ಇವನು ಇನ್ನು ಒಂದು ದಿನವೂ ಅವಳ ಕೈಕೆಳಗೆ ಇರಬಾರದು. ಇದೇ ನಮ್ಮ ಬೇಡಿಕೆ. ನಡೀರಿ!"

ಚಪ್ಪಾಳೆ ಬಿತ್ತು. ಜನ ಎದ್ದರು. ಪೆಂಡುಲಂ "ಅಲ್ಲ... ಹಾಗಲ್ಲ..." ಎನ್ನುತ್ತಿದ್ದಂತೆ ಅವನನ್ನೇ ಮುಂದೆ ಮಾಡಿಕೊಂಡು ಮೆರವಣಿಗೆ ಹೊರಟಿತು. "ಧಿಕ್ಕಾರ! ಧಿಕ್ಕಾರ!" ಎಂದು ಮೇಡಂ ಕೋಣೆಯ ಮುಂದೆ ಕೂಗಿತು. ಮೊದಲ ಸಾಲಿನಲ್ಲಿದ್ದವನು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿರುವುದಿಲ್ಲವೆಂದು ಯಾರೋ ಅವನ ಕೈಯನ್ನು ಹಿಡಿದೆತ್ತಿ ಆಡಿಸಿದರು. ಗಾಜಿನಾಚೆ ಮೇಡಂ ಫೋನ್ ಕಿವಿಗಿಟ್ಟುಕೊಂಡು ಏನೋ ಹೇಳುತ್ತಿದ್ದರು. ಅವನನ್ನು ಒಮ್ಮೆ ನೋಡಿದರು. ಕರ್ಟನ್ ಎಳೆದರು.

ಮುಗಿಯಿತು ಎಂದುಕೊಂಡ ಪೆಂಡುಲಂ. ಇನ್ನು ಮೇಡಂ ರೈಲು ಹತ್ತಿದಂತೆಯೇ.

ಮಧ್ಯಾಹ್ನವೆಲ್ಲ ಯಾರೂ ಕೆಲಸ ಮುಟ್ಟಲಿಲ್ಲ. ಪೆಂಡುಲಂ ಮಾತ್ರ ಬೇರೇನೂ ತೋಚದೆ ಗಡಿಯಾರಗಳನ್ನು ಸರಿಮಾಡುತ್ತ ಕೂತ, ಅವೆಲ್ಲವನ್ನೂ ತಪ್ಪಾಗಿ ಸರಿಮಾಡಿದ. ಸಂಜೆ ಸೈರನ್ ಆದಾಗ ಅಲಾರಂ ಅಣ್ಣ ಡೈರೆಕ್ಟರ ಜೊತೆ ಫೋನಿನಲ್ಲಿ ಇನ್ನೂ ಕಿರುಚುತ್ತಿದ್ದ. ಗೆಲುವು ಖಂಡಿತ ಎಂದು ಹೊರಗಿದ್ದವರು ಪೆಂಡುಲಂನನ್ನು ಹೆಗಲ ಮೇಲೆ ಹೊತ್ತುಕೊಂಡರು.

ಗೇಟಿನ ಹತ್ತಿರ, ಬಿಲ್ಲೆಯ ಹಲಗೆಯ ಪಕ್ಕ, ಮೇಡಂ ಕೈಚೀಲ ಹಿಡಿದು ಒಬ್ಬರೇ ನಿಂತಿದ್ದರು.

ಹೆಗಲ ಮೇಲಿಂದ ಅವನಿಗೆ ಅವರ ನೆತ್ತಿಯ ಬೈತಲೆ ಕಂಡಿತು. ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಈ ಜನ ತನ್ನನ್ನು ಹೊತ್ತು ಅವರನ್ನು ದಾಟಿಬಿಡುತ್ತಾರೆ. ಹುಟ್ಟಿದಂದಿನಿಂದ ಅತ್ತಿತ್ತ ತೂಗಿದ್ದ ಆ ಪ್ರಾಣಿ ಆಗ ಒಂದೇ ಕಡೆಗೆ ವಾಲಿತು. ದೊಪ್ಪನೆ ನೆಲಕ್ಕೆ ಬಿದ್ದು, ಎದ್ದು, ಮಣ್ಣಾದ ಕೈಯಿಂದಲೇ ಮೇಡಂ ಕೈ ಹಿಡಿದ.

"ಕೇಳಿ ಎಲ್ಲರೂ! ನಾನು ಇವರನ್ನ ಮದ್ವೆ ಆಗ್ತೀನಿ. ನಾನು ದಿನಾ ಲೇಟಾಗೋದು ಇವರ ಜೊತೆ ನಡ್ಕೊಂಡು ಬಂದು, ಅದನ್ನ ನಿಮ್ಮಿಂದ ಮುಚ್ಚಿಡೋಕೆ."

ಪ್ಯಾಕಿಂಗ್ ಅಕ್ಕನಿಗೆ ಮೊದಲು ಮಾತು ಬಂತು. "ಮೊದಲೇ ಹೇಳೋಕೇನಾಗಿತ್ತು ನಿಂಗೆ?"

"ಹೇಳೋಕೆ ಬಿಟ್ರಾ ನೀವು?"

ಕಾವಲುಗಾರ ತಾತ ಕೆಮ್ಮಿದ. "ನಂಗೆ ಗೊತ್ತಿತ್ತಪ್ಪ. ಮೂಲೇಲಿ ನಿಲ್ತಿದ್ದದ್ದು ಇಲ್ಲಿಂದ ಕಾಣ್ತಿತ್ತು. ಎಷ್ಟೋ ಸಲ ನೀನು ಸರಿಯಾಗೇ ಬಂದಿದ್ದೆ. ಸೈರನ್ ನಿಲ್ಲೋ ಮುಂಚೇನೇ ನಾನೇ ನಿನ್ನ ಬಿಲ್ಲೆ ತಗೊಂಡು ಹೋಗ್ತಿದ್ದೆ, ಅವಳ ಕೈಯಿಂದಾನೇ ಸಿಗ್ಲಿ ಅಂತ."

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು.

"ಮೇಡಂ," ಪೆಂಡುಲಂ ಮೆಲ್ಲಗೆ ಕೇಳಿದ, "ಡೈರೆಕ್ಟರಿಗೆ ಏನಂದ್ರಿ?"

"ಬರಲ್ಲ ಅಂದೆ. ಆಗಲೇ, ಮಧ್ಯಾಹ್ನಾನೇ. ಮೇಜು ಹತ್ತಿ ಅಷ್ಟು ಹೇಳಿದೆಯಲ್ಲ, ನಿನ್ನ ಮಟ್ಟಿಗೆ ಅದೇ ಜಾಸ್ತಿ. ಕರ್ಟನ್ ಎಳೆದದ್ದು ನಗು ತಡೆಯೋಕಾಗ್ದೆ."

ಅವನಿಗೆ ಮತ್ತೊಮ್ಮೆ ಹೆಗಲೇರಿದಂತಾಯಿತು. ಅಷ್ಟರಲ್ಲಿ ಅಲಾರಂ ಅಣ್ಣ ಏದುಸಿರು ಬಿಡುತ್ತ ಓಡಿಬಂದ.

"ಗೆದ್ವಿ! ಡೈರೆಕ್ಟರು ಬಗ್ಗಿಬಿಟ್ರು! ಸಮುದ್ರದೂರಿನ ಕಾರ್ಖಾನೆಗೆ ಮ್ಯಾನೇಜರು ಸಿಗ್ಲಿಲ್ಲ ಅಂತ ತಮ್ಮ ಅಳಿಯನನ್ನ ಹಾಕ್ಕೊಂಡ್ರಂತೆ. ಅವನಿಗೆ ಗಡಿಯಾರದ ಮುಳ್ಳು ಯಾವುದು ಅಂತಾನೂ ಗೊತ್ತಿಲ್ಲ, ಪಕ್ಕದಲ್ಲಿ ಒಬ್ಬ ಕೆಲಸ ಬಲ್ಲವನು ಬೇಕಂತೆ. ಇಂಥವನು ನಮ್ಮಲ್ಲಿದ್ದಾನೆ ಅಂದೆ. ನಾಳೆ ರಾತ್ರಿ ರೈಲು, ತಮ್ಮಾ! ಇನ್ನು ಜನ್ಮದಲ್ಲಿ ಆ ಹೆಂಗಸಿನ ಮುಖ ನೀನು ನೋಡ್ಬೇಕಾಗಿಲ್ಲ!"

ಹಾಗೆಂದವನು ಸುತ್ತ ನೋಡಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪೆಂಡುಲಂ ಹಿಡಿದಿದ್ದ ಕೈ ಯಾರದೆಂದು ನೋಡಿದ. ಆ ಕಾರ್ಖಾನೆಯಲ್ಲಿ ಅಲಾರಂ ಅಣ್ಣ ಮೆಲ್ಲಗೆ ಮಾತಾಡಿದ್ದು ಅದೊಂದೇ ಸಲ.

"ಈಗ... ರದ್ದು ಮಾಡಿ ಅಂದ್ರೆ ಒಪ್ತಾರಾ?"

ಡೈರೆಕ್ಟರು ಒಪ್ಪಲಿಲ್ಲ. ಹೋರಾಡಿ ಪಡೆದದ್ದನ್ನು ವಾಪಸು ಕೊಡುವ ಸಂಘವನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ.

ಈಗ ಆ ಕಾರ್ಖಾನೆ ಇಲ್ಲ, ಹಲಗೆ ಇಲ್ಲ, ಸೈರನ್ ಕೂಗುವುದಿಲ್ಲ. ಆದರೆ ಆ ಕಾಲದವರು ಯಾರಾದರೂ ಸಿಕ್ಕರೆ ಆ ಭಾನುವಾರಗಳನ್ನು ಹೇಳುತ್ತಾರೆ. ಮದುವೆಯಾಗಿಯೂ ಎಷ್ಟೋ ಕಾಲ, ಸಮುದ್ರದ ಕಡೆಯ ರೈಲು ಬರುವ ಹೊತ್ತಿಗೆ ಮೇಡಂ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಒಂದು ಭಾನುವಾರವೂ ಆ ರೈಲು ಸರಿಯಾದ ಹೊತ್ತಿಗೆ ಬಂದದ್ದಿಲ್ಲ. ಹೊಸ ಸಾಹೇಬರ ತಪ್ಪುಗಳನ್ನು ವಾರವಿಡೀ ತಿದ್ದಿ ಸೋತ ಪೆಂಡುಲಂ ಇಳಿದು ಬಂದು ಕೈಯೊಡ್ಡಿ ನಿಲ್ಲುತ್ತಿದ್ದ. ಮೇಡಂ ಕೈಚೀಲದಿಂದ ಅವನ ಹಳೆಯ ಬಿಲ್ಲೆ ತೆಗೆಯುತ್ತಿದ್ದರು.

"ಮತ್ತೆ ಲೇಟಾ?"

"ತಪ್ಪಾಯ್ತು ಮೇಡಂ."